ಮೊಳೆಯದ ನಾಲ್ಕು ಹಲ್ಲು

"ಎಲ್ಲಾ ಕಿತ್ತು ಹಾಕ್ಬಿಡಿ ಡಾಕ್ಟ್ರಮ್ಮ," ಎಂದ ಮುದುಕ. "ಒಂದೂ ಉಳಿಸ್ಬೇಡಿ. ಮೇಲೂ ಕೆಳಗೂ ಚಿನ್ನದ್ದು ಕೂರಿಸ್ಬಿಡಿ, ನನ್ನ ಥರ."

ತುಟಿ ಎತ್ತಿ ತೋರಿಸಿದ. ಮುಂದಿನ ಸಾಲು ಪೂರ್ತಿ ಹಳದಿ. ಬೇರೆ ದಿನವಾಗಿದ್ದರೆ, ಈ ಕಾಲದಲ್ಲಿ ಇಷ್ಟು ಸಣ್ಣ ಹುಡುಗಿಗೆ ಯಾರಾದರೂ ಚಿನ್ನದ ಹಲ್ಲು ಕಟ್ಟಿಸುತ್ತಾರೆಯೇ ಎಂದು ಗದರಿಸುತ್ತಿದ್ದೆ. ಇವತ್ತು ನನ್ನ ಕೈಯಲ್ಲಿದ್ದ ಪುಟ್ಟ ಕನ್ನಡಿ ಹುಡುಗಿಯ ಹಲ್ಲಿಗೆ ತಗುಲಿ ಟಿಕಟಿಕ ಎನ್ನುತ್ತಿತ್ತು.

ಹೋದ ವಾರ ಕಲಿಪಾ ಎಂಬ ಹೆಂಗಸು ಇದೇ ಕೋಣೆಯಲ್ಲಿ ಕೂತು, ಹನ್ನೆರಡು ವರ್ಷದ ಹಿಂದೆ ರಾಜಧಾನಿ ಬಿಷ್ಕೆಕ್‌ನ ಆಸ್ಪತ್ರೆಯಿಂದ ಕಳುವಾದ ಮಗಳು ಬೆರ್ಮೆತ್‌ಳ ಕಥೆ ಹೇಳಿ ಹೋಗಿದ್ದಳು. ಐದನೇ ವಯಸ್ಸಿಗೆ ರಕ್ತದ ಕ್ಯಾನ್ಸರ್, ಚಿಕಿತ್ಸೆ, ಗುಣ. ಮನೆಗೆ ಹೊರಡುವ ಹೊತ್ತಿಗೆ ಮಗು ಮಾಯ. ವಾರ್ಡಿನಲ್ಲಿ ಸುಳಿದಾಡುತ್ತಿದ್ದ ಒಬ್ಬ ಕುರಿ ಕಾಯುವ ಮುದುಕನ ಮೇಲೆ ಅವಳ ಗುಮಾನಿ. ಆ ಮುದುಕನನ್ನೂ ಕೆನ್ನೆ ಊದಿದ ಒಬ್ಬ ಹುಡುಗಿಯನ್ನೂ ನಮ್ಮ ನಾರಿನ್ ಸಂತೆಯಲ್ಲಿ ಕಂಡೆ ಎಂದಿದ್ದಳು.

ಕೆನ್ನೆ ಊದಿದ್ದರೆ ಇವತ್ತಲ್ಲ ನಾಳೆ ನನ್ನ ಹತ್ತಿರ ಬರಲೇಬೇಕು. ಬಂದಿದ್ದರು.

"ವಯಸ್ಸೆಷ್ಟು?" ಎಂದೆ.

"ಹದಿನಾಲ್ಕು."

ಬೆರ್ಮೆತ್‌ಗೆ ಹದಿನೇಳಾಗಬೇಕಿತ್ತು. ಆದರೆ ಅಷ್ಟು ಚಿಕ್ಕಂದಿನಲ್ಲಿ ಅಂಥ ಮದ್ದು ತಿಂದ ಮಕ್ಕಳು ಬೆಳೆಯುವುದು ನಿಧಾನ. ಹದಿನೇಳರ ಹುಡುಗಿ ಹದಿನಾಲ್ಕರವಳಂತೆ ಕಂಡರೆ ಆಶ್ಚರ್ಯವಿಲ್ಲ.

"ಹೆಸರು?"

"ತುರ್ಸುನಾಯ್."

ಉಳಿಯಲಿ ಎಂದು ಬೇಡಿಕೊಂಡು ಇಡುವ ಹೆಸರು ಅದು. ಬದುಕುತ್ತದೋ ಇಲ್ಲವೋ ಎನ್ನುವಂಥ ಮಗುವಿಗೆ ಇಡುತ್ತಾರೆ.

"ಹುಟ್ಟಿದಾಗಿಂದ ಇದೇ ಹೆಸರಾ ತಾತ?"

"ಆವಾಗ ಬೇರೆ ಇತ್ತು. ನಾನು ಬದಲಾಯಿಸ್ದೆ." ಅವನು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. "ಅದೆಲ್ಲ ಹಲ್ಲಿಗೆ ಯಾಕೆ ಬೇಕು?"

"ಚಿಕ್ಕಂದಿನಲ್ಲಿ ದೊಡ್ಡ ಕಾಯಿಲೆ ಏನಾದ್ರೂ ಆಗಿತ್ತಾ? ತಿಂಗಳಗಟ್ಟಲೆ ಆಸ್ಪತ್ರೇಲಿ ಇದ್ದಿದ್ದು?"

"ಇಲ್ಲ."

"ಜ್ವರ, ರಕ್ತ ಕಮ್ಮಿ ಅಂತ ಏನಾದ್ರೂ?"

"ನಮ್ಮನೆಗೆ ಬಂದ್ಮೇಲೆ ಇವಳಿಗೆ ಒಂದು ನೆಗಡಿನೂ ಬಂದಿಲ್ಲ." ಎದ್ದು ನಿಂತ. ಶಾರ್ಶೆನ್ ಎಂದು ಹೆಸರು ಹೇಳಿಕೊಂಡಿದ್ದ ಆ ಮುದುಕ ನಿಂತರೆ ನನ್ನ ದೀಪಕ್ಕೆ ತಲೆ ತಾಗುತ್ತಿತ್ತು. ಸೊಂಟದಲ್ಲಿ ಕುದುರೆ ಚಾಟಿ, ಅದರ ಪಕ್ಕದಲ್ಲಿ ಚೂರಿ. ಬೆಟ್ಟದ ಕಡೆಯ ಗಂಡಸರೆಲ್ಲ ಇಟ್ಟುಕೊಳ್ಳುವುದೇ. ಆದರೂ ನನ್ನ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು.

ಹುಡುಗಿಯ ಅಂಗಿಯ ಕತ್ತು ಸ್ವಲ್ಪ ಸರಿದಿತ್ತು. ಕೊರಳೆಲುಬಿನ ಕೆಳಗೆ ಬಿಳಿಯ ಗಾಯದ ಗುರುತು. ತಿಂಗಳುಗಟ್ಟಲೆ ಮದ್ದು ಹರಿಸಲು ನಳಿಕೆ ಕೂರಿಸುವುದು ಅಲ್ಲೇ.

"ಇದೇನು?"

"ಕುದುರೆ ಮೇಲಿಂದ ಬಿದ್ದಿದ್ದು," ಎಂದ ಮುದುಕ. ಹುಡುಗಿ ಬಾಯಿ ತೆರೆದುಕೊಂಡೇ ಕಣ್ಣು ಹೊರಳಿಸಿ ಅವನನ್ನು ನೋಡಿದಳು. ಇದು ಅವಳಿಗೂ ಹೊಸ ಸುದ್ದಿ ಎಂದು ಆ ನೋಟದಲ್ಲೇ ಇತ್ತು.

"ಮೊಮ್ಮಗಳಾ ನಿಮಗೆ?"

"ಮಗಳು." ಚಿನ್ನದ ಹಲ್ಲು ಮತ್ತೆ ಮಿಂಚಿತು. "ಹೆತ್ತಿದ್ದಲ್ಲ. ಕೊಂಡಿದ್ದು."

ಇದನ್ನು ಅವನು ಸಂತೆಯಲ್ಲಿ ಕುರಿ ಕೊಂಡದ್ದನ್ನು ಹೇಳುವಂತೆ, ಹೆಮ್ಮೆಯಿಂದ ಹೇಳಿದ.

*

ದೊಡ್ಡ ಎಕ್ಸ್-ರೇ ಯಂತ್ರ ಪಕ್ಕದ ಗೂಡಿನಲ್ಲಿದೆ. ಹುಡುಗಿಯ ಗಲ್ಲವನ್ನು ಅದರಲ್ಲಿ ಕೂರಿಸಿ ಚಿತ್ರ ತೆಗೆದೆ. ಪರದೆಯ ಮೇಲೆ ಎರಡು ದವಡೆಗಳೂ ಮೂಡಿದವು. ನನ್ನ ಕಣ್ಣು ನೇರವಾಗಿ ಮುಂದಿನ ಬಾಚಿಹಲ್ಲುಗಳ ಬೇರಿಗೆ ಹೋಯಿತು.

ಬೇರೇ ಇರಲಿಲ್ಲ. ಅಂದರೆ ಇತ್ತು, ಮೋಟು ಪೆನ್ಸಿಲ್ಲಿನ ತುದಿಯಷ್ಟು. ಉದ್ದಕ್ಕೆ ಇಳಿಯಬೇಕಾದದ್ದು ಅರ್ಧಕ್ಕೇ ಚೂಪಾಗಿ ನಿಂತುಬಿಟ್ಟಿತ್ತು.

ಕ್ಯಾನ್ಸರಿನ ಮದ್ದು ಒಳ್ಳೆಯದು ಕೆಟ್ಟದ್ದು ನೋಡುವುದಿಲ್ಲ. ದೇಹದಲ್ಲಿ ಯಾವುದು ಭರಭರ ಬೆಳೆಯುತ್ತಿದೆಯೋ ಅದನ್ನೇ ಹೊಡೆಯುತ್ತದೆ. ಮಗುವಿನ ದವಡೆಯೊಳಗೆ ಕಾಯಂ ಹಲ್ಲುಗಳೂ ಆಗ ಬೆಳೆಯುತ್ತಿರುತ್ತವೆ. ಜೀವ ಉಳಿಯುತ್ತದೆ, ಹಲ್ಲು ಅಲ್ಲೇ ನಿಲ್ಲುತ್ತದೆ. ಮುಂದೆ ಹತ್ತು ವರ್ಷವಾದ ಮೇಲೆ ಹೀಗೆ ಅಲ್ಲಾಡುತ್ತದೆ, ಬಣ್ಣ ಬಣ್ಣದ ಕಲೆ ಬೀಳುತ್ತದೆ, ಬಾಯಿ ಒಣಗುತ್ತದೆ. ಹೆತ್ತವರು ಮಗು ಉಳಿಯಿತಲ್ಲ ಎಂಬ ಸಂತೋಷದಲ್ಲಿ ಇದನ್ನು ಕೇಳಿಸಿಕೊಂಡಿರುವುದೂ ಇಲ್ಲ.

ನೆಗಡಿಯೂ ಬಾರದ ಹುಡುಗಿಗೆ ಇಂಥ ಬೇರು ಬರುವುದಿಲ್ಲ. ಮುದುಕ ಸುಳ್ಳು ಹೇಳುತ್ತಿದ್ದ.

ಅವನು ಎಲ್ಲ ಹಲ್ಲನ್ನೂ ಕೀಳಿಸಲು ಯಾಕೆ ಹೊರಟಿದ್ದಾನೆಂದು ಆಗ ಹೊಳೆಯಿತು. ಹಲ್ಲು ಹೋದರೆ ಸಾಕ್ಷಿ ಹೋಯಿತು. ಕೀಳುವ ಕೆಲಸವನ್ನು ಅವನು ನನ್ನ ಕೈಯಲ್ಲೇ ಮಾಡಿಸಲು ಬಂದಿದ್ದ.

ತಿರುಗಿದರೆ ನನ್ನ ಹಿಂದೆಯೇ ನಿಂತಿದ್ದ.

"ಡಾಕ್ಟ್ರಮ್ಮ, ಒಂದು ಮಾತು." ದನಿ ತಗ್ಗಿಸಿದ. "ಯಾರಾದ್ರೂ ಹೆಂಗಸು ಇಲ್ಲಿಗೆ ಬಂದು ಈ ಮಗೂನ ಕೇಳಿದ್ಲಾ?"

"ಇಲ್ಲಪ್ಪ. ಯಾರು?"

"ಬಂದ್ರೆ ನಂಗೆ ತಿಳಿಸಿ. ಈ ಸಲ ಅವಳನ್ನ ಸುಮ್ನೆ ಬಿಡಲ್ಲ."

ಹೆದರಿಕೆ ಎಂದರೆ ಏನೆಂದು ನನಗೆ ಗೊತ್ತು ಅಂದುಕೊಂಡಿದ್ದೆ. ನಲವತ್ತಾರು ವರ್ಷ ಸುಮ್ಮನೆ ಅಂದುಕೊಂಡಿದ್ದೆ. ಸಾಮಾನು ತೊಳೆದು ಬರ್ತೀನಿ ಎಂದು ಅವನನ್ನು ಬಳಸಿ ಹೊರಟೆ.

*

ಸಾಮಾನು ತೊಳೆಯುವ ಮೂಲೆಗೆ ಹೋಗಿ ನಲ್ಲಿ ಬಿಟ್ಟು, ಆ ಸದ್ದಿನಲ್ಲಿ, ಇವರು ಬಂದಾಗಲೇ ನಾನು ಸುದ್ದಿ ಮುಟ್ಟಿಸಿದ್ದ ಇನ್‌ಸ್ಪೆಕ್ಟರ್ ಕೆನೇಶ್‌ಗೆ ಮತ್ತೆ ಫೋನ್ ಮಾಡಿದೆ.

"ಬೇರು ಮೋಟು," ಎಂದೆ. "ಇವಳೇ."

"ದೊಲೋನ್ ಘಾಟಿಯಲ್ಲಿದ್ದೀನಿ, ಮುಂದೆ ಲಾರಿ ಅಡ್ಡ ಬಿದ್ದಿದೆ. ಹಿಮ ಸುರೀತಿದೆ." ಗಾಳಿಯ ಸದ್ದು. "ಎಲ್ಮಿರಾ ಮೇಡಂ, ನಾನು ಬರೋವರೆಗೂ ಏನೂ ಮಾಡೋಕೆ ಹೋಗ್ಬೇಡಿ. ಅವನನ್ನೂ ಕಳಿಸ್ಬೇಡಿ, ಹುಡುಗೀನೂ ಕಳಿಸ್ಬೇಡಿ. ಮಾತಾಡಿಸ್ತಾ ಇರಿ ಅಷ್ಟೇ."

"ಎಷ್ಟು ಹೊತ್ತು?"

"ಲಾರಿ ಎತ್ತೋವರೆಗೂ."

ಹೇಳುವುದು ಸುಲಭ. ಚಾಟಿ ಹಿಡಿದವನ ಎದುರು ನಿಂತವಳು ನಾನು.

ಮಾತಾಡಿಸುವ ಬದಲು ಹುಡುಗಿಗೆ ಸೂಜಿ ಚುಚ್ಚಿದೆ. ಕೆಳದವಡೆಯ ಎರಡೂ ಕಡೆ ಮರಗಟ್ಟುವಂತೆ. ಮದ್ದು ಹಿಡಿಯಬೇಕು, ಕಾಯಬೇಕು ಎಂದರೆ ಯಾರೂ ಅನುಮಾನಿಸುವುದಿಲ್ಲ.

"ಆಮೇಲೆ ರಕ್ತ ಬರತ್ತೆ ತಾತ, ನೀವು ಹೊರಗಿರಿ."

"ರಕ್ತಾನಾ?" ಅವನು ನಕ್ಕ. "ಶರತ್ಕಾಲ ಬಂದ್ರೆ ನಾನು ಕೊಯ್ಯೋ ಕುರಿಗೆ ಲೆಕ್ಕ ಇಲ್ಲ."

"ಕುರಿಗೆ ಅಪ್ಪ ಬಂದು ಪಕ್ಕದಲ್ಲಿ ನಿಲ್ಲಲ್ಲ," ಎಂದಳು ಬಾಗಿಲಲ್ಲಿದ್ದ ನರ್ಸ್ ತಮಾರಾ. "ಬನ್ನಿ ಈಚೆ. ಆ ಬೂಟಿನ ಸಗಣಿ ಒರೆಸಿ ಒರೆಸಿ ನನ್ನ ಸೊಂಟ ಬಿದ್ದೋಯ್ತು. ಚಹಾ ಕೊಡ್ತೀನಿ."

ಮುದುಕ ಹೋಗುವ ಮುಂಚೆ ಹುಡುಗಿಯ ನೆತ್ತಿ ಮುಟ್ಟಿದ. ಅವಳು ಅವನ ತೋಳು ಹಿಡಿದುಕೊಂಡಳು, ಬಿಡಲಿಲ್ಲ. ಅವನೇ ಬೆರಳು ಬಿಡಿಸಿಕೊಂಡ. "ಅತಾ ಇಲ್ಲೇ ಕೂತಿರ್ತೀನಿ ಮಗಾ, ಗೋಡೆಯಾಚೆ," ಎಂದ. ನಮ್ಮಲ್ಲಿ ಅತಾ ಎಂದರೆ ಅಪ್ಪ. ಆ ಮಾತನ್ನು ಅವನು ಅಷ್ಟು ಸಲೀಸಾಗಿ ಆಡಿದ್ದು ನನಗೆ ಮೈಯೆಲ್ಲ ಉರಿಸಿತು.

ಬಾಗಿಲು ಮುಚ್ಚಿತು. ಹಿತ್ತಿಲ ಬಾಗಿಲು ತೆರೆಯಿತು.

ಕಲಿಪಾ. ಎದುರು ಮನೆಯಲ್ಲಿ ಬಾಡಿಗೆಗಿದ್ದವಳು ಕಿಟಕಿಯಿಂದ ಎಲ್ಲ ನೋಡಿದ್ದಳು. ಹೋದ ವಾರದ ಅಳು ಈಗ ಇರಲಿಲ್ಲ. ಮುಖ ತೊಳೆದು, ತಲೆಗೆ ಶುಭ್ರವಾದ ಬಟ್ಟೆ ಕಟ್ಟಿಕೊಂಡು, ಹಬ್ಬಕ್ಕೆ ಹೊರಟವಳಂತಿದ್ದಳು.

"ನಾನು ಹೇಳಿದ್ದು ನಿಜ ಅಲ್ವಾ ಅಕ್ಕ?"

"ನಿಜ. ಆದ್ರೆ ಇನ್‌ಸ್ಪೆಕ್ಟರ್ ಬರ್ಲಿ."

"ಅವರು ಬರೋಷ್ಟ್ರಲ್ಲಿ ಇವನು ಒಳಗೆ ಬರ್ತಾನೆ. ಚೂರಿ ನೋಡಿದ್ರಾ?" ಅವಳು ನನ್ನ ಮಣಿಕಟ್ಟು ಹಿಡಿದಳು. ಕೈ ಮಂಜುಗಡ್ಡೆ. "ಹಿತ್ತಿಲಲ್ಲಿ ಕಾರಿದೆ. ಸೇತುವೆ ಹತ್ರ ಪೊಲೀಸ್ ಠಾಣೆಗೆ ನೇರ ಹೋಗ್ತೀನಿ. ಅಲ್ಲಿ ಕೂತಿದ್ರೆ ಇವನೇನು ಮಾಡ್ತಾನೆ?"

ಗೋಡೆಯಾಚೆ ಮುದುಕ ಕೆಮ್ಮಿದ. ಆ ಕೆಮ್ಮು ಕೇಳಿ ನನ್ನ ಬುದ್ಧಿ ಕಾಲಿಗಿಳಿಯಿತು. ಕೆನೇಶ್ ಹೇಳಿದ್ದೆಲ್ಲ ಮರೆತೆ. ಮಗುವನ್ನು ಈ ಮನೆಯಿಂದ ದಾಟಿಸಬೇಕು, ಅದೊಂದೇ.

"ಮಗಳೇ, ಇವರ ಜೊತೆ ಹೋಗು," ಎಂದೆ. "ಇನ್ನೊಂದು ಫೋಟೋ ತೆಗೆಸ್ಕೊಂಡು ಬರ್ತೀರಿ, ಅಷ್ಟೇ."

ಹುಡುಗಿ ಕಲಿಪಾಳನ್ನು ನೋಡಿದಳು. ನೋಡಿದ್ದೇ ಕುರ್ಚಿಯಲ್ಲಿ ಹಿಂದಕ್ಕೆ ಸರಿದಳು. ಬಾಯಿ ಅಲ್ಲಾಡಿತು. ತುಟಿ, ನಾಲಿಗೆ ಎರಡೂ ಮರಗಟ್ಟಿದ್ದವು, ಜೊಲ್ಲು ಸುರಿಯುತ್ತಿತ್ತು.

"ಅ... ಪಾ..." ಎಂದಳು. ಕಣ್ಣಲ್ಲಿ ನೀರು ತುಂಬಿತು. "ಅಪಾ..."

ಅಪಾ ಎಂದರೆ ಅಮ್ಮ. ನನಗೂ ಅಳು ಬಂತು.

"ಕೇಳಿದ್ರಾ?" ಎಂದಳು ಕಲಿಪಾ. ತಂದಿದ್ದ ಬಿಳಿ ಬಟ್ಟೆಯನ್ನು ಬಿಡಿಸಿ, ಹುಡುಗಿಯ ತಲೆಯಿಂದ ಮೊಣಕಾಲವರೆಗೆ ಸುತ್ತಿದಳು. "ಚಳಿ ಇದೆ ಕಂದ."

ಹುಡುಗಿ ಕೊಸರಿದಳು. ನಾನೇ, ನನ್ನ ಕೈಯಾರೆ, ಅವಳ ಬೆನ್ನಿಗೆ ಕೈಕೊಟ್ಟು ಹಿತ್ತಿಲ ಮೆಟ್ಟಿಲು ಇಳಿಸಿದೆ.

*

"ಎಲ್ಲಿ ಮಗು?"

ಬಾಗಿಲಲ್ಲಿ ಶಾರ್ಶೆನ್. ಕೈಯಲ್ಲಿ ಚಹಾ ಬಟ್ಟಲು. ಖಾಲಿ ಕುರ್ಚಿ ನೋಡಿದ, ಹಿತ್ತಿಲ ಬಾಗಿಲು ನೋಡಿದ. ಬಟ್ಟಲನ್ನು ನಿಧಾನವಾಗಿ ಕೆಳಗಿಟ್ಟು ಚಾಟಿ ಕೈಗೆ ತೆಗೆದುಕೊಂಡ.

ಓಡಬೇಕೆನಿಸಿತು. ಹಿಂದೆ ಎಕ್ಸ್-ರೇ ಗೂಡು, ಅದರ ಹಿಂದೆ ಗೋಡೆ.

"ಅವಳ ಅಮ್ಮನ ಹತ್ರ ಕಳಿಸ್ದೆ," ಎಂದೆ. ನನ್ನ ದನಿ ನನಗೇ ಪರಕೀಯವಾಗಿತ್ತು. "ಪೊಲೀಸರು ಬರ್ತಿದ್ದಾರೆ. ಹತ್ರ ಬಂದ್ರೆ ಕೂಗ್ತೀನಿ."

"ಅಮ್ಮ ಯಾರು?"

"ನಾಟಕ ಬೇಡ ತಾತ. ಕಾಯಿಲೇನೇ ಆಗಿಲ್ಲ ಅಂದ್ರಿ. ಕುದುರೆ ಮೇಲಿಂದ ಬಿದ್ಲು ಅಂದ್ರಿ. ಹೆಸರು ಬದಲಾಯಿಸಿದ್ರಿ, ಈಗ ಹಲ್ಲೂ ಬದಲಾಯಿಸೋಕೆ ಬಂದ್ರಿ. ನನ್ನೇನು ದಡ್ಡಿ ಅಂದ್ಕೊಂಡ್ರಾ? ಬನ್ನಿ, ನೋಡಿ ಇಲ್ಲಿ."

ಪರದೆಯನ್ನು ಅವನ ಕಡೆ ತಿರುಗಿಸಿದೆ. ಹೆದರಿದವರಿಗೆ ಮಾತು ಜಾಸ್ತಿ.

"ಈ ಬೇರು ನೋಡಿ. ಐದು ವರ್ಷದ ಮಗೂಗೆ ಕ್ಯಾನ್ಸರ್ ಮದ್ದು ಕೊಟ್ಟಾಗ ಬೇರು ಅಲ್ಲೇ ನಿಲ್ಲತ್ತೆ. ಹೊರಗೆ ಕಾಣೋ ಹಲ್ಲು ಸರಿಯಾಗೇ ಇರತ್ತೆ, ಒಳಗೆ ಬೇರು ಮೋಟು. ನೋಡಿ, ಬಾಚಿಹಲ್ಲು. ಇದು ಕೋರೆಹಲ್ಲು. ಅದರ ಪಕ್ಕ ಚಿಕ್ಕ ದವಡೆಹಲ್ಲು, ಒಂದು. ಆಮೇಲೆ ಎರಡನೇದು..."

ಬೆರಳು ನಿಂತಿತು.

ಎರಡನೇದು ಇರಲಿಲ್ಲ.

ಆ ಕಡೆ ನೋಡಿದೆ, ಅಲ್ಲೂ ಇರಲಿಲ್ಲ. ಮೇಲೆ ನೋಡಿದೆ. ನಾಲ್ಕು ಮೂಲೆಯಲ್ಲೂ ಅದೇ ಒಂದು ಹಲ್ಲಿನ ಜಾಗ ಖಾಲಿ. ಉದುರಿದ್ದಲ್ಲ, ಕಿತ್ತದ್ದಲ್ಲ. ಮೂಳೆಯೊಳಗೆ ಮೊಳಕೆಯ ಗುರುತೇ ಇಲ್ಲ. ತೀರಾ ಹಿಂದಿನ ದವಡೆಹಲ್ಲು ಜೋಳದ ಕಾಳಿನಷ್ಟು.

ಮೊದಲು ನೋಡಿದಾಗ ಬೇರು ಹುಡುಕುತ್ತಿದ್ದೆ, ಬೇರು ಸಿಕ್ಕಿತು, ಕಣ್ಣು ಅಲ್ಲಿಗೇ ನಿಂತಿತ್ತು. ಹಲ್ಲಿನ ಡಾಕ್ಟರಾಗಿ ಹಲ್ಲನ್ನು ನೋಡಿರಲಿಲ್ಲ.

ಐದು ವರ್ಷಕ್ಕೆ ಆ ನಾಲ್ಕು ಹಲ್ಲಿನ ತಲೆ ಮೂಳೆಯೊಳಗೆ ಬಹುಪಾಲು ತಯಾರಾಗಿರುತ್ತದೆ. ಆಗ ಮದ್ದು ಕೊಟ್ಟರೆ ಬೇರು ಮೋಟಾಗಬಹುದು, ಹಲ್ಲು ಇಲ್ಲದಂತಾಗುವುದಿಲ್ಲ. ನಾಲ್ಕಕ್ಕೆ ನಾಲ್ಕೂ ಮೊಳೆಯಲೇ ಇಲ್ಲವೆಂದರೆ ಮದ್ದು ಬಿದ್ದದ್ದು ಮೊಳಕೆಯ ಮೇಲೇ. ಆಗ ಈ ಮಗುವಿಗೆ ಎರಡು ವರ್ಷವಿರಬೇಕು. ಹನ್ನೆರಡು ವರ್ಷದ ಹಿಂದೆ ಎರಡು. ಈಗ ಹದಿನಾಲ್ಕು.

ಮುದುಕ ವಯಸ್ಸು ಸರಿಯಾಗೇ ಹೇಳಿದ್ದ.

"ಇವಳಿಗೆ ಕಾಯಿಲೆ ಬಂದಿದ್ದು..." ಖಾಲಿ ಜಾಗಗಳನ್ನು ಮತ್ತೊಮ್ಮೆ ಎಣಿಸಿದೆ. "ಎರಡು ವರ್ಷದವಳಿದ್ದಾಗ."

ಶಾರ್ಶೆನ್ ಹಲ್ಲಿನ ಚಿತ್ರವನ್ನೇ ನೋಡುತ್ತಿದ್ದರು. ಚಾಟಿ ಹಿಡಿದ ಕೈ ಕೆಳಗಿಳಿದಿತ್ತು.

"ಆ ಮಾತು ಬಾಯಲ್ಲಿ ಆಡಬಾರ್ದು," ಎಂದರು ಕೊನೆಗೆ. "ಮಾರಿದ ಮಗು ಅದು. ಹೆತ್ತವರಿಗೆ ಎರಡು ಮಕ್ಕಳು ಹೋಗಿದ್ವು, ಮೂರನೇದು ಇದು. ಸಾಯ್ತಾ ಇತ್ತು. ಕಿಟಕಿಯಿಂದ ನನ್ನ ಕೈಗೆ ಕೊಟ್ರು, ಒಂದು ಬಟ್ಟಲು ಹೊಟ್ಟಿಗೆ ನಾನು ಕೊಂಡೆ. ಹೆಸರು ಬದಲಾಯಿಸ್ದೆ. ಸಾವು ಬಂದು ಆ ಮನೇಲಿ ಹುಡುಕಿದ್ರೆ ಮಗು ಇರಬಾರ್ದು, ಅದಕ್ಕೆ. ಕೊಂಡವನು ಕಾಯಿಲೆ ಹೆಸರು ಎತ್ತಿದ್ರೆ ಅದು ದಾರಿ ಹುಡುಕ್ಕೊಂಡು ವಾಪಸ್ ಬರತ್ತೆ. ಮಗೂಗೂ ಹೇಳಿಲ್ಲ ನಾನು."

ಅಜ್ಜಿಯರ ಬಾಯಲ್ಲಿ ಕೇಳಿದ್ದೆ ಇದನ್ನು. ಬಿಷ್ಕೆಕ್‌ನ ಅಪಾರ್ಟ್‌ಮೆಂಟಿನಲ್ಲಿ ಬೆಳೆದವಳು ನಾನು. ಕೊಂಡೆ ಎಂದಾಗ ನನಗೆ ನೆನಪಾದದ್ದು ಮಕ್ಕಳನ್ನು ಮಾರುವ ದಂಧೆ, ಈ ಕಿಟಕಿಯಲ್ಲ.

"ಹೆತ್ತವರು?"

"ಮರುವರ್ಷ ರಸ್ತೆ ಅಪಘಾತದಲ್ಲಿ ಹೋದ್ರು. ಆಸ್ಪತ್ರೆಗೆ ಹೊತ್ಕೊಂಡು ಹೋಗಿ ಬಂದು ಮಾಡಿದ್ದು ನಾನೇ." ಅವರು ತಲೆಯೆತ್ತಿದರು. "ಮಗು ಹೋಗೋವಾಗ ಏನಾದ್ರೂ ಅಂತಾ ಡಾಕ್ಟ್ರಮ್ಮ?"

"ಅಪಾ ಅಂದ್ಲು."

"ನನ್ನ ಮಗಳು ಯಾರನ್ನೂ ಅಪಾ ಅಂತ ಕರೆದವಳಲ್ಲ. ಅವಳಿಗೆ ಇರೋದು ಅತಾ ಒಬ್ಬನೇ."

ಮರಗಟ್ಟಿದ ನಾಲಿಗೆಗೆ ತ ಹೊರಡುವುದಿಲ್ಲ, ತುಟಿ ಕೂಡಿ ಅದು ಪ ಆಗಿಬಿಡುತ್ತದೆ. ಇದು ನಾನು ದಿನವೂ ಕಾಣುವ ಸಂಗತಿ. ಗೋಡೆಯಾಚೆ ಕೂತಿದ್ದ ಅಪ್ಪನನ್ನು ಆ ಮಗು ಕೂಗಿತ್ತು. ಕೂಗು ಕೇಳದ ಹಾಗೆ ಸೂಜಿ ಚುಚ್ಚಿದ್ದು ನಾನು.

ರೋಗಿಯ ಕುರ್ಚಿಯ ಮೇಲೆ ಕೂತುಬಿಟ್ಟೆ.

"ಕರ್ಕೊಂಡು ಹೋದವಳು ಹೇಗಿದ್ಲು? ಬಲಗಣ್ಣಿನ ಹುಬ್ಬಲ್ಲಿ ಒಂದು ಗಾಯದ ಗೆರೆ ಇತ್ತಾ?"

"ಇತ್ತು. ಕಲಿಪಾ ಅಂತ."

ಶಾರ್ಶೆನ್ ಕಣ್ಣು ಮುಚ್ಚಿಕೊಂಡರು.

"ಅವಳ ಮಗು ನಮ್ಮ ಪಕ್ಕದ ಮಂಚದಲ್ಲಿತ್ತು. ಬೆರ್ಮೆತ್. ಐದು ವರ್ಷ. ಎರಡೂ ಒಟ್ಟಿಗೆ ಆಡ್ತಿದ್ವು, ಒಂದೇ ಮಂಚದಲ್ಲಿ ನಿದ್ದೆ ಮಾಡ್ತಿದ್ವು. ನಮ್ಮದು ಉಳೀತು, ಅವಳದು ಹೋಯ್ತು. ಈ ಊರಲ್ಲೇ ಮಣ್ಣು ಮಾಡಿದ್ರು, ನಾನೂ ಹೋಗಿದ್ದೆ. ಆವತ್ತಿಂದ ನಾವು ಎಲ್ಲಿಗೆ ಹೋದ್ರೂ ಹುಡುಕ್ಕೊಂಡು ಬರ್ತಾಳೆ. ಮೂರು ಸಲ ಊರು ಬಿಟ್ಟೆ."

"ಇವಳನ್ನ ತನ್ನ ಮಗಳು ಅಂದ್ಕೊಂಡಿದ್ದಾಳಾ?"

"ಹಂಗಂದ್ಕೊಂಡಿದ್ರೆ ನಾನು ಹೆದರ್ತಿರ್ಲಿಲ್ಲ." ಅವರು ಹಿತ್ತಿಲ ಬಾಗಿಲ ಕಡೆ ಹೊರಟಿದ್ದರು. "ಸತ್ತಿದ್ದು ಯಾರು ಅಂತ ಅವಳಿಗೆ ಚೆನ್ನಾಗಿ ಗೊತ್ತು. 'ನನ್ನ ಬೆರ್ಮೆತ್‌ಗೆ ಒಬ್ಬಳೇ ಮಲಗೋಕೆ ಭಯ, ನಿಮ್ಮ ಮಗು ಪಕ್ಕದಲ್ಲಿದ್ರೇನೇ ಅವಳಿಗೆ ನಿದ್ದೆ ಬರೋದು, ಕೊಟ್ಬಿಡಿ' ಅಂತಾಳೆ."

ಹಿತ್ತಿಲ ಬಾಗಿಲು ಹೊರಗಿನಿಂದಲೇ ತೆರೆಯಿತು. ಒಲೆಯ ಬೂದಿ ಸುರಿದು ಬಂದ ತಮಾರಾ, ಖಾಲಿ ಬಕೆಟ್ ಹಿಡಿದು ಹಿಮ ಕೊಡವುತ್ತಿದ್ದಳು.

"ಆ ಹೆಂಗಸು ಎಲ್ಲಿಗೆ ಹೊರಟ್ಲು ಮೇಡಂ?" ಎಂದಳು. "ಠಾಣೆಗೆ ಅಂತ ನಂಗೆ ಹೇಳಿದ್ಲು, ಠಾಣೆಗಾದ್ರೆ ಸೇತುವೆ ಕಡೆ ಹೋಗ್ಬೇಕು. ಕಾರು ಗೇಟಿಂದ ಎಡಕ್ಕೆ ತಿರುಗಿ ಗುಡ್ಡ ಹತ್ತಿತು."

ಆ ದಾರಿಯಲ್ಲಿ ಮನೆಗಳಿಲ್ಲ. ಊರಿನ ಗೋರಿಗಳೆಲ್ಲ ಇರುವುದು ಅಲ್ಲಿ.